ಹೊಳೆಯಾಚೆಗೂ ಬರಲಿ ಫಿಸಿಯೋ

ನಮ್ಮ ಮನೆ ಇರುವುದು ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮಗೂ ಸಾಗರ ಪೇಟೆಗೂ ನಡುವೆ ಶರಾವತಿ ಹಿನ್ನೀರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಲಾಂಚೇ ಗತಿ. ಸಂಜೆಯಾದರೆ ಅದೂ ಇಲ್ಲ.

ಸೇತುವೆ ಇಲ್ಲದ ಕಾಲದ ಒಂದು ಮಳೆಗಾಲದ ದಿನ ಇದು. ಮಗಳಿಗಾಗ ನಾಲ್ಕು ವರ್ಷ. ಅವಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ. ಎತ್ತಿ ನಿಲ್ಲಿಸಿದರೆ ಎರಡೂ ಕಾಲು ಕತ್ತರಿ ಹಾಕಿಕೊಳ್ಳುತ್ತಿದ್ದವು. ಮಾತು ಬರುತ್ತಿರಲಿಲ್ಲ, ಆದರೆ ಎಲ್ಲಾ ಗೊತ್ತಾಗುತ್ತಿತ್ತು. ಲಾಂಚ್ ಹೊರಟರೆ ಕೇಕೆ ಹಾಕಿ ನಗುತ್ತಿದ್ದಳು.

ಅವತ್ತು ಹೊರಟಿದ್ದು ಅಂಗವಿಕಲರ ಕಾರ್ಡಿನ ತಪಾಸಣೆಗೆ. ಶೇಕಡಾ 40ಕ್ಕಿಂತ ಕಡಿಮೆ ಇಲ್ಲ ಅಂತ ಡಾಕ್ಟರು ಬರೆದುಕೊಟ್ಟರೆ ಮಾತ್ರ ಪಿಂಚಣಿಗೆ ಅರ್ಜಿ ಹಾಕಬಹುದು. ಬೆಳಗಿನ ಲಾಂಚ್ ಹಿಡಿದು, ಸಾಗರದಲ್ಲಿ ಬಸ್ಸು ಬದಲಿಸಿ, ಮತ್ತೆ ಎಪ್ಪತ್ತು ಕಿಲೋಮೀಟರ್ ದಾಟಿ ಶಿವಮೊಗ್ಗ ಸೇರಿದೆವು. ಬಸ್ಸಿನುದ್ದಕ್ಕೂ ಕೂಸು ನನ್ನ ತೊಡೆ ಮೇಲೆ. ಮೈ ಬಿಗಿ ಇರುವ ಮಕ್ಕಳನ್ನು ಎತ್ತಿಕೊಂಡವರಿಗೆ ಗೊತ್ತು, ಅವರ ತೂಕ ಇದ್ದದ್ದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ಸಾಲು ಕರಗಿ ನಮ್ಮ ಸರದಿ ಬಂದಾಗ, "ಮೂಳೆ ಡಾಕ್ಟರು ಇವತ್ತಿಲ್ಲ, ಮುಂದಿನ ವಾರ ಬನ್ನಿ" ಅಂದರು. ಮೊದಲೇ ಒಂದು ಫೋನ್ ಮಾಡಿ ಹೇಳಬಹುದಿತ್ತಲ್ವಾ? ನಮ್ಮ ನಂಬರ್ ಅರ್ಜಿಯಲ್ಲೇ ಇತ್ತು. ನನಗೆ ಅಳು ಬಂದುಬಿಟ್ಟಿತು.

ಅಲ್ಲೇ ಹಾದುಹೋಗುತ್ತಿದ್ದ ಫಿಸಿಯೋಥೆರಪಿ ಮೇಡಂ ಒಬ್ಬರು ನಿಂತರು. "ಎಲ್ಲಿಂದ ಬಂದ್ರಿ?" ಅಂತ ಕೇಳಿದರು. ಊರು ಹೇಳಿದೆ. ಮಾತಾಡದೆ ಒಳಗೆ ಕರೆದುಕೊಂಡು ಹೋಗಿ ಚಾಪೆ ಹಾಸಿದರು.

"ಮೆದುಳಿಗೆ ಆದ ಪೆಟ್ಟು ಹೆಚ್ಚಾಗಲ್ಲ ಕಣಮ್ಮಾ. ಆದ್ರೆ ಮೂಳೆ ಬೆಳೆದಷ್ಟು ಬೇಗ ಸ್ನಾಯು ಬೆಳೆಯಲ್ಲ. ದಿನಾ ಎಳೆದು ಸಡಿಲ ಮಾಡದಿದ್ರೆ ಕಾಲು ಹಾಗೇ ಬಿಗಿದುಕೊಳ್ಳುತ್ತೆ. ತಿಂಗಳಿಗೊಮ್ಮೆ ಇಲ್ಲಿ ಮಾಡಿಸಿದ್ರೆ ಏನೂ ಸಾಲಲ್ಲ, ನೀವೇ ಕಲೀರಿ." ಅಷ್ಟು ವರ್ಷದಲ್ಲಿ ಇದನ್ನು ನನಗೆ ಬಿಡಿಸಿ ಹೇಳಿದವರು ಅವರೇ ಮೊದಲು. ನನ್ನ ಕೈ ಮೇಲೆ ಅವರ ಕೈ ಇಟ್ಟು ತೋರಿಸಿದರು. ಹಿಮ್ಮಡಿ ಹಿಡಿದು ಪಾದವನ್ನು ನಿಧಾನಕ್ಕೆ ಮೇಲಕ್ಕೆ ಒತ್ತಬೇಕು. ಜಗ್ಗಬಾರದು, ಬಿಗಿ ಬಿಡುವವರೆಗೆ ಕಾಯಬೇಕು. ಎತ್ತಿಕೊಳ್ಳುವಾಗ ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳಬೇಕು. ನಮ್ಮ ಯಜಮಾನರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

ಮನೆಯಲ್ಲಿ ಶುರುಮಾಡಿದಾಗ ಅತ್ತೆ, "ಕೂಸಿಗೆ ನೋವಾಗ್ತದೆ ಮಾರಾಯ್ತಿ, ಬಿಡು" ಅನ್ನುತ್ತಿದ್ದರು. ಈಗ ಸ್ನಾನದ ನಂತರ ಬಿಸಿ ಇರುವಾಗಲೇ ಕಾಲು ಹಿಡಿಯುವವರು ಅವರೇ. ಮಗಳು ನಡೆಯುವುದಿಲ್ಲ. ಆದರೆ ಗೋಡೆಗೆ ಒರಗಿ ಕೂರುತ್ತಾಳೆ, ತಟ್ಟೆಯಿಂದ ತಾನೇ ದೋಸೆ ತಿನ್ನುತ್ತಾಳೆ. ಕಾರ್ಡೂ ಆಮೇಲೆ ಬಂತು.

ಸೇತುವೆಯಿಂದ ತುಂಬಾ ಅನುಕೂಲವಾಗಿದೆ, ರಾತ್ರಿ ಫಿಟ್ಸ್ ಬಂದರೂ ಈಗ ಹೊರಡಬಹುದು. ಆದರೂ ಮಕ್ಕಳನ್ನು ಹೊತ್ತು ಪೇಟೆಗೆ ಹೋಗುವುದು ಇವತ್ತಿಗೂ ಅಮ್ಮಂದಿರೇ. ತಿಂಗಳಿಗೆ ಒಂದು ದಿನ ಫಿಸಿಯೋ ಒಬ್ಬರು ಈ ದಡಕ್ಕೆ ಬಂದು ನಮ್ಮ ಕೈ ತಿದ್ದಿದರೆ ಎಷ್ಟೋ ಮಕ್ಕಳ ಕಾಲು ಉಳಿಯುತ್ತದೆ. ಜಾಗ ಬೇಕಾದರೆ ನಮ್ಮ ಮನೆ ಜಗಲಿ ಇದೆ, ಮಧ್ಯಾಹ್ನದ ಊಟವೂ ನಮ್ಮಲ್ಲೇ.