ಮೇಲೆ ಎಸ್‌ಟಿ ಅಂತ ಬರೆದಿತ್ತು

ಫೈನಲ್ ಇಯರ್ ವೈವಾ ಹತ್ತಿರ ಬಂತೆಂದರೆ ಹುಬ್ಬಳ್ಳಿ ವಿದ್ಯಾನಗರದ ನನ್ನ ಸಣ್ಣ ವರ್ಕ್‌ಶಾಪಿನಲ್ಲಿ ಹುಡುಗರ ಓಡಾಟ ಜಾಸ್ತಿಯಾಗುತ್ತದೆ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುವವರೂ ಇದ್ದಾರೆ. ಹೋದ ಬೇಸಿಗೆಯಲ್ಲಿ ಹಾಗೆ ಬಂದ ಇಬ್ಬರು ಹುಡುಗಿಯರ ಕಥೆ ಇದು.

ಅವರ ಪ್ರಾಜೆಕ್ಟ್ ನನಗೆ ತುಂಬಾ ಹಿಡಿಸಿತ್ತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ತಾಪಮಾನ ಎಷ್ಟಿದೆ ಅಂತ ಅಳೆದು ಬರೆದಿಡುವ ಲಾಗರ್. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ. ಸೆಕೆಯಲ್ಲಿ ಬಿದ್ದರೆ ಬಣ್ಣ ಇಳಿಯುತ್ತದೆ. ಒಬ್ಬಳ ತಂದೆ ಅಲ್ಲಿಯೇ ಮೆಣಸಿನಕಾಯಿ ವ್ಯಾಪಾರಿ, ಹಾಗಾಗಿ ಇದು ಮಾರ್ಕ್ಸಿಗಾಗಿ ಸುಮ್ನೆ ಮಾಡಿದ್ದಲ್ಲ.

ಬ್ಲೂ ಪಿಲ್ ಅಂತ ಒಂದು ಅಗ್ಗದ ಮೈಕ್ರೋಕಂಟ್ರೋಲರ್ ಬೋರ್ಡು ಇದೆ. ಅವರ ಹತ್ತಿರ ಮೊದಲೇ ಇದ್ದ ಹಳೆಯ ಬೋರ್ಡಿನ ಮೇಲೆ ಪ್ರೋಗ್ರಾಂ ಚೆನ್ನಾಗಿ ಓಡುತ್ತಿತ್ತು. ಇನ್ನಷ್ಟು ಲಾಗರ್ ಮಾಡಲು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಬೋರ್ಡುಗಳು ಮಾತ್ರ ಜಪ್ಪಯ್ಯ ಅಂದರೂ ಪ್ರೋಗ್ರಾಂ ತಗೊಳ್ಳುತ್ತಿರಲಿಲ್ಲ. 'ಎಸ್‌ಟಿ ಡಿವೈಸ್ ಅಂತ ಖಾತ್ರಿಯಾಗಲಿಲ್ಲ, ಸಂಪರ್ಕ ಕಡಿಯುತ್ತಿದ್ದೇನೆ' ಎಂಬರ್ಥದ ಸಂದೇಶ ಬಂದು ಎಲ್ಲ ನಿಂತುಬಿಡುತ್ತಿತ್ತು. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ್ದರು. ವೈರ್ ಬದಲಿಸಿದ್ದರು. ಗೆಳತಿಯ ಲ್ಯಾಪ್‌ಟಾಪ್ ಕಡ ತಂದಿದ್ದರು. ಗೈಡ್ ಕೂಡ ಪ್ರೋಗ್ರಾಂ ಸರಿ ಇಲ್ಲ ಅಂದುಬಿಟ್ಟಿದ್ದರು.

'ಸರ್, ನಮ್ಮ ಕೋಡ್‌ದಾಗ ಏನೋ ತಪ್ಪೈತ್ರಿ' ಅಂದಳು ವ್ಯಾಪಾರಿಯ ಮಗಳು. ಅಳು ಗಂಟಲಿಗೆ ಬಂದಿತ್ತು.

'ಇರ್ಲಿ ಬಿಡವಾ, ಮೊದ್ಲ ಚಿಪ್ಪಿಗೇ ಕೇಳೂಣು' ಅಂದೆ.

ಈ ಬೋರ್ಡಿನ ಮೇಲೆ ಇರಬೇಕಾದದ್ದು ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ಎಸ್‌ಟಿಎಂ32ಎಫ್103ಸಿ8 ಎಂಬ ಚಿಪ್, ಚಿಕ್ಕದಾಗಿ ಎಫ್103. ಅದರ ವೇಗ 72 ಮೆಗಾಹರ್ಟ್ಸ್. ಡಿಬಗ್ಗರ್, ಅಂದರೆ ಕಂಪ್ಯೂಟರಿನಿಂದ ಚಿಪ್ ಜೊತೆ ಮಾತಾಡುವ ಸಾಧನ, ಜೋಡಿಸಿದ ಕೂಡಲೇ ಚಿಪ್ ತನ್ನ ಗುರುತಿನ ಕೋಡ್ ಹೇಳುತ್ತದೆ. ಅಸಲಿ ಎಫ್103 ಹೇಳುವುದು 1ಬಿಎ01477. ಎಸ್‌ಟಿ ಕಂಪನಿಯದೇ ನ್ಯೂಕ್ಲಿಯೋ ಬೋರ್ಡಿನಲ್ಲಿರುವ ಎಸ್‌ಟಿ-ಲಿಂಕ್ ಎಂಬ ಡಿಬಗ್ಗರ್‌ಗೆ ವೈರ್ ಎಳೆದು, ಅದನ್ನು ನಡೆಸುವ ಓಪನ್‌ಓಸಿಡಿ ಸಾಫ್ಟ್‌ವೇರ್ ಓಡಿಸಿದೆ. ಅಗ್ಗದ ಎಸ್‌ಟಿ-ಲಿಂಕ್ ಡಾಂಗಲ್‌ಗಳ ಒಳಗೂ ಎಂಥ ಚಿಪ್ ಇರುತ್ತದೋ ಹೇಳಲಾಗದು, ಅದಕ್ಕೇ ಇಂಥ ಪರೀಕ್ಷೆಗೆ ನಾನು ಅವನ್ನು ಬಳಸುವುದಿಲ್ಲ. ಹಳೆಯ ಬೋರ್ಡು 1ರಿಂದ ಶುರುವಾಗುವ ಉತ್ತರ ಕೊಟ್ಟಿತು. ಹೊಸದು 2ಬಿಎ01477 ಅಂತು. ಒಂದೇ ಅಂಕೆ ಬೇರೆ.

ಇಷ್ಟಕ್ಕೇ ತೀರ್ಮಾನಕ್ಕೆ ಬರಬಾರದು. ಅದೇ ಕಂಪನಿಯ ಎಫ್4 ಚಿಪ್‌ಗಳು 2 ಅಂತಲೇ ಹೇಳುತ್ತವೆ, ಅವು ಅಸಲಿಯೇ. ಎಫ್103 ಅಂತ ಹೆಸರು ಹಾಕಿಕೊಂಡದ್ದು 2 ಅಂದರೆ ಮಾತ್ರ ಅನುಮಾನ. ಇನ್ನೊಂದು ಕಡೆ, 1 ಅಂತ ಹೇಳುವ ನಕಲಿಗಳೂ ಇವೆ. ಹಾಗಾಗಿ ಎರಡನೆಯ ಸಾಕ್ಷಿ ಬೇಕು. ಆ ಸಾಕ್ಷಿ ನನಗೆ ಬಹಳ ಇಷ್ಟ.

ಅಸಲಿ ಎಫ್103ರಲ್ಲಿ ಒಂದು ದೋಷವಿದೆ. ಕಂಪನಿಯೇ ತನ್ನ ದೋಷಪಟ್ಟಿಯಲ್ಲಿ ಅದನ್ನು ಬರೆದುಕೊಂಡಿದೆ. ಚಿಪ್‌ನ ಮಾದರಿ ಯಾವುದು ಅಂತ ಹೇಳುವ ರಿಜಿಸ್ಟರ್ (ಚಿಪ್ ಒಳಗೆ ಸಂಖ್ಯೆ ಇಡುವ ಪುಟ್ಟ ಜಾಗ) ಒಂದು ಇ0042000 ವಿಳಾಸದಲ್ಲಿದೆ. ಡಿಬಗ್ಗರ್ ಓದಿದರೆ ಸರಿಯಾಗಿ ಸಿಗುತ್ತದೆ. ಡಿಬಗ್ಗರ್ ಇಲ್ಲದೆ ನಮ್ಮ ಪ್ರೋಗ್ರಾಂ ಓದಲು ಹೋದರೆ ಬರೀ ಸೊನ್ನೆ ಬರುತ್ತದೆ. ನಕಲು ಮಾಡಿದವರಲ್ಲಿ ಅನೇಕರ ಚಿಪ್‌ಗಳಿಗೆ ಈ ದೋಷ ಇಲ್ಲ, ಅಲ್ಲಿ ಸಂಖ್ಯೆ ಸಲೀಸಾಗಿ ಬಂದುಬಿಡುತ್ತದೆ. ಅಸಲಿಯ ಕುಂದೇ ಅಸಲಿಯ ಗುರುತು! ಪುಟ್ಟ ಪ್ರೋಗ್ರಾಂ ಬರೆದು ಆ ಸಂಖ್ಯೆಯನ್ನು ಕಂಪ್ಯೂಟರ್ ಪರದೆಯ ಸೀರಿಯಲ್ ಮಾನಿಟರಿಗೆ ಕಳಿಸುವಂತೆ ಮಾಡಿದೆವು. ಓಪನ್‌ಓಸಿಡಿಯ ಸೆಟ್ಟಿಂಗ್‌ನಲ್ಲಿ 1ರ ಜಾಗದಲ್ಲಿ 2 ಅಂತ ಬರೆದ ಮೇಲೆ ಹೊಸ ಬೋರ್ಡೂ ಪ್ರೋಗ್ರಾಂ ತಗೊಂಡಿತು. ಡಿಬಗ್ಗರ್ ಕಿತ್ತು, ಪವರ್ ತೆಗೆದು ಮತ್ತೆ ಕೊಟ್ಟೆವು. ಹಳೆಯದು ಸೊನ್ನೆ ತೋರಿಸಿತು. ಹೊಸದು ಉದ್ದದ ಸಂಖ್ಯೆ ಕಕ್ಕಿತು.

ಆಮೇಲೆ ಭೂತಗನ್ನಡಿ ತೆಗೆದೆ. ಹಳೆಯ ಚಿಪ್ ಮೇಲಿನ ಅಕ್ಷರ ಲೇಸರಿನಲ್ಲಿ ಕೆತ್ತಿದ್ದು, ಮಸುಕು ಬೂದು ಬಣ್ಣ, ಓರೆಯಾಗಿ ಬೆಳಕು ಬಿದ್ದರೆ ಮಾತ್ರ ಕಾಣುವಂಥದ್ದು. ಹೊಸದರ ಅಕ್ಷರ ಬೆಳ್ಳಗೆ, ದಪ್ಪ. ಎಸ್‌ಟಿ ಲಾಂಛನದ ಅಂಚು ಸ್ವಲ್ಪ ಹರಡಿಕೊಂಡಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಸಿಟೋನ್‌ನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದೆ. ಹತ್ತಿ ಬೆಳ್ಳಗಾಯಿತು. ಲಾಂಛನ ಅರ್ಧ ಹೋಗಿ ಕೆಳಗೆ ಒಂದೇ ದಿಕ್ಕಿಗೆ ಸಣ್ಣ ಗೀರುಗಳು ಕಂಡವು. ಮೊದಲಿದ್ದ ಹೆಸರನ್ನು ತಿಕ್ಕಿ ತೆಗೆದು, ಮೇಲೆ ಹೊಸ ಹೆಸರು ಅಚ್ಚು ಹಾಕಿದ್ದರು. ಎಲ್ಲ ನಕಲಿಯೂ ಹೀಗೆ ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಲೇಸರಿನಲ್ಲಿ ಅಂದವಾಗಿ ಕೆತ್ತಿದ ನಕಲಿಗಳನ್ನೂ ಕಂಡಿದ್ದೇನೆ. ಅದಕ್ಕೇ ಕಣ್ಣಿನ ಪರೀಕ್ಷೆ ನನ್ನ ಲೆಕ್ಕದಲ್ಲಿ ಕೊನೆಗೆ.

'ನಮ್ಮಪ್ಪಾರೂ ಹಿಂಗ ಮಾಡ್ತಾರ್ರಿ ಸರ್' ಅಂದಳು ಆ ಹುಡುಗಿ. 'ಚೀಲದ ಮ್ಯಾಲಿನ ಕಾಯಿ ನೋಡಂಗಿಲ್ಲ. ನಡಕ ಕೈ ಹಾಕಿ ತಗೀತಾರ.' ಅಲ್ಲಿಂದ ಮುಂದೆ ಅವಳ ದನಿಯೇ ಬದಲಾಯಿತು. ಉಳಿದ ಬೋರ್ಡುಗಳನ್ನೆಲ್ಲ ಅವಳೇ ಪರೀಕ್ಷೆ ಮಾಡಿದಳು. ಎಲ್ಲವೂ ಅದೇ ಜಾತಿ.

ನನಗೆ ಅಗ್ಗದ ಚಿಪ್ ಮೇಲೆ ಯಾವ ಸಿಟ್ಟೂ ಇಲ್ಲ. ಚೀನಾದ ಜಿಡಿ32, ಎಪಿಎಂ32, ಸಿಕೆಎಸ್32 ಇವೆಲ್ಲ ತಮ್ಮ ಹೆಸರಿನಲ್ಲೇ ಮಾರಾಟವಾಗುತ್ತವೆ. ಜಿಡಿ32ಎಫ್103ರ ವೇಗವಂತೂ 108 ಮೆಗಾಹರ್ಟ್ಸ್, ಎಸ್‌ಟಿಗಿಂತ ಜಾಸ್ತಿ. ಹೆಸರು ಗೊತ್ತಿದ್ದರೆ ಅದರದೇ ಡೇಟಾಶೀಟ್, ಅಂದರೆ ಕಂಪನಿಯ ವಿವರಪತ್ರ, ತೆಗೆದು ಅದರ ಪ್ರಕಾರ ಬಳಸಬಹುದು. ಸುಳ್ಳು ಹೆಸರು ಇದ್ದಾಗ ಆ ದಾರಿಯೇ ಮುಚ್ಚಿಹೋಗುತ್ತದೆ. ಡೇಟಾಶೀಟ್ ಒಂದು, ಚಿಪ್ ಇನ್ನೊಂದು. ಕಲಿಯುವ ಹುಡುಗರು ರಾತ್ರಿಯೆಲ್ಲ ತಮ್ಮ ಕೋಡಿನಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನಕಲಿ ಚಿಪ್ ವಿಷಯದಲ್ಲೇ 2014ರಲ್ಲಿ, ಯುಎಸ್‌ಬಿ-ಸೀರಿಯಲ್ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯದು ದೊಡ್ಡ ಗಲಾಟೆಯಾಗಿತ್ತು. ವಿಂಡೋಸ್ ಅಪ್‌ಡೇಟ್ ಜೊತೆ ಬಂದ ಅದರ ಡ್ರೈವರ್, ನಕಲಿ ಯುಎಸ್‌ಬಿ-ಸೀರಿಯಲ್ ಚಿಪ್ ಸಿಕ್ಕರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಕಂಪ್ಯೂಟರಿಗೆ ಆಮೇಲೆ ಅದರ ಗುರುತೇ ಸಿಗುತ್ತಿರಲಿಲ್ಲ. ಕಂಪನಿಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಪೆಟ್ಟು ಬಿದ್ದದ್ದು ಗೊತ್ತಿಲ್ಲದೆ ಕೊಂಡವನಿಗೆ, ಮಾರಿದವನಿಗಲ್ಲ. ಗಲಾಟೆ ಜೋರಾದ ಮೇಲೆ ಕಂಪನಿ ಆ ಡ್ರೈವರ್ ಹಿಂದಕ್ಕೆ ತಗೊಂಡಿತು.

ಮಾರಿದವನಿಗೆ ಎರಡೂ ಬೋರ್ಡುಗಳ ಉತ್ತರದ ಸ್ಕ್ರೀನ್‌ಶಾಟ್, ಬೆಳ್ಳಗಾದ ಹತ್ತಿಯ ಫೋಟೊ ಕಳಿಸಿದೆವು. ಮೊದಲು 'ಹಂಡ್ರೆಡ್ ಪರ್ಸೆಂಟ್ ಒರಿಜಿನಲ್' ಅಂದವನು ಫೋಟೊ ನೋಡಿದ ಮೇಲೆ ವಾದ ಮಾಡದೆ ದುಡ್ಡು ವಾಪಸ್ ಹಾಕಿದ. ಬ್ಯಾಡಗಿಗೆ ಹೋಗುವ ಲಾಗರ್‌ಗೆ ಅಧಿಕೃತ ವಿತರಕರಿಂದ ನ್ಯೂಕ್ಲಿಯೋ ಬೋರ್ಡು ತರಿಸಿದರು. ದುಬಾರಿ, ಆದರೆ ಲಕ್ಷಗಟ್ಟಲೆ ಮಾಲು ಕಾಯುವ ಜಾಗಕ್ಕೆ ಅದೇ ಸರಿ.

ರಿಪೋರ್ಟಿಗೆ ಆ ಹುಡುಗಿ ಒಂದು ಪುಟ ಸೇರಿಸಿದಳು. ಯಾವ ಬೋರ್ಡು ಯಾವ ಕೋಡ್ ಹೇಳಿತು, ರಿಜಿಸ್ಟರಿನಲ್ಲಿ ಏನು ಬಂತು, ಉಜ್ಜಿದಾಗ ಏನಾಯಿತು. ವೈವಾದಲ್ಲಿ ಹೊರಗಿನ ಎಕ್ಸಾಮಿನರ್ ಆ ಪುಟದ ಮೇಲೇ ಜಾಸ್ತಿ ಪ್ರಶ್ನೆ ಕೇಳಿದರಂತೆ, ಇವಳೂ ಪಟಪಟ ಉತ್ತರ ಕೊಟ್ಟಳಂತೆ. ಅದರ ಜೆರಾಕ್ಸ್ ಈಗ ನನ್ನ ಬೆಂಚಿನ ಮೇಲಿನ ಗೋಡೆಯಲ್ಲಿದೆ. ಬಂದ ಹುಡುಗರು ಫೋಟೊ ಹೊಡೆದುಕೊಂಡು ಹೋಗುತ್ತಾರೆ.