ಗೆದ್ದರೂ ಕೂಡಿಬಾರದ ಲೆಕ್ಕ

2008ರ ಏಪ್ರಿಲ್ 22ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಹಿಲರಿ ಕ್ಲಿಂಟನ್ ಅವರು ಬರಾಕ್ ಒಬಾಮ ಅವರನ್ನು ಶೇಕಡಾ ಒಂಬತ್ತರಷ್ಟು ಮತಗಳ ಅಂತರದಿಂದ ಸೋಲಿಸಿದಾಗ, ಪಿಟ್ಸ್‌ಬರ್ಗ್‌ನ ನಮ್ಮ ಪಕ್ಕದ ಮನೆಯ ಹಿರಿಯ ಮಹಿಳೆ ಇನ್ನೇನು ಉಮೇದುವಾರಿಕೆ ಸಿಕ್ಕೇಬಿಟ್ಟಿತೆಂಬಂತೆ ಸಂಭ್ರಮಿಸಿದರು. ಆದರೆ ಆ ಗೆಲುವಿನಿಂದ ಕ್ಲಿಂಟನ್‌ರಿಗೆ ದಕ್ಕಿದ ಪ್ರತಿನಿಧಿಗಳು (ಪಕ್ಷದ ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಅಂತಿಮಗೊಳಿಸುವವರು) 85, ಒಬಾಮರಿಗೆ 73. ನೂರಕ್ಕೂ ಹೆಚ್ಚು ಪ್ರತಿನಿಧಿಗಳಷ್ಟು ಹಿಂದೆ ಬಿದ್ದವರಿಗೆ ಹನ್ನೆರಡು ಯಾವ ಮೂಲೆಗೆ?

ಒಂದೇ ಮತದಿಂದ ಗೆದ್ದರೂ ಇಡೀ ಕ್ಷೇತ್ರವೇ ಕೈಸೇರುವ ಪದ್ಧತಿಯಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗುವುದಿಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರತಿನಿಧಿಗಳನ್ನು ಮತಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಕಣದಲ್ಲಿ ಇಬ್ಬರೇ ಇದ್ದು ನಾಲ್ವರು ಪ್ರತಿನಿಧಿಗಳಿರುವ ಕ್ಷೇತ್ರದಲ್ಲಿ ಶೇಕಡಾ 60 ಮತ ಪಡೆದವರಿಗೂ ಇಬ್ಬರೇ, 40 ಪಡೆದವರಿಗೂ ಇಬ್ಬರೇ. ಮೂರನೆಯವರು ಸಿಗಬೇಕಾದರೆ 62.5 ದಾಟಬೇಕು. ಹೀಗಾಗಿ ಮುಂದಿರುವವರನ್ನು ಹಿಂದಿನಿಂದ ಹಿಡಿಯಲು ಬರೀ ಗೆದ್ದರೆ ಸಾಲದು, ಭಾರೀ ಅಂತರದಿಂದ ಗೆಲ್ಲಬೇಕು, ಅದೂ ಮತ್ತೆ ಮತ್ತೆ.

ಬಹುತೇಕರು ಮೇ 6ರ ನಾರ್ತ್ ಕೆರೊಲಿನಾದ ಸೋಲನ್ನೇ ಕೊನೆಯೆಂದು ಹೇಳುತ್ತಾರೆ. ನನ್ನ ಮಟ್ಟಿಗೆ ಬಾಗಿಲು ಮುಚ್ಚಿದ್ದು ಫೆಬ್ರುವರಿಯಲ್ಲೇ. ಆ ತಿಂಗಳ 5ರಂದು ದೊಡ್ಡ ರಾಜ್ಯವಾದ ನ್ಯೂಜೆರ್ಸಿಯನ್ನು ಗೆದ್ದ ಕ್ಲಿಂಟನ್‌ರಿಗೆ 59–48ರ ಹಂಚಿಕೆಯಲ್ಲಿ ಹನ್ನೊಂದರ ಮುನ್ನಡೆ ಸಿಕ್ಕಿತು; ಅದೇ ದಿನ, ಯಾರೂ ಅಷ್ಟಾಗಿ ಗಮನಿಸದ ಪುಟ್ಟ ಐಡಹೊದ ಕಾಕಸ್ ಸಭೆಗಳಲ್ಲಿ (ಪಕ್ಷದ ಬೆಂಬಲಿಗರು ಒಂದೆಡೆ ಸೇರಿ ತಮ್ಮ ಆಯ್ಕೆ ತಿಳಿಸುವ ಸಭೆಗಳಲ್ಲಿ) ಒಬಾಮ 15–3ರಿಂದ ಹನ್ನೆರಡರ ಮುನ್ನಡೆ ಬಾಚಿಕೊಂಡರು. ಬಳಿಕ ಅವರು ಅದೇ ತಿಂಗಳಲ್ಲಿ ಸಾಲಾಗಿ ಹನ್ನೊಂದು ಸ್ಪರ್ಧೆಗಳನ್ನು ಗೆದ್ದರು.

ನಮ್ಮೂರಿನಲ್ಲಿ ಅದೇ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ನಡೆಯುತ್ತಿತ್ತು. ಅಲ್ಲಿ ಬಿ ಫಾರಂ ಕೈತಪ್ಪಿದ ಆಕಾಂಕ್ಷಿಗೆ ಪಟ್ಟಿ ಹೊರಬಿದ್ದ ಕ್ಷಣವೇ ವಿಷಯ ತಿಳಿಯುತ್ತದೆ, ಬಂಡಾಯವಾಗಿ ನಿಲ್ಲುವ ಅವಕಾಶವೂ ಇರುತ್ತದೆ. ಇಲ್ಲಿ ಹೊರಗೆ ಹೋಗಿರೆಂದು ಹೇಳುವ ಹೈಕಮಾಂಡ್ ಇರಲಿಲ್ಲ. ಮೇ 13ರಂದು ವೆಸ್ಟ್ ವರ್ಜೀನಿಯಾವನ್ನು ಶೇಕಡಾ 41ರಷ್ಟು ಅಂತರದಿಂದ ಗೆದ್ದರೂ ಕ್ಲಿಂಟನ್‌ರಿಗೆ ಉಳಿದಿದ್ದ ಆಸರೆ, ಯಾರನ್ನು ಬೇಕಾದರೂ ಬೆಂಬಲಿಸಬಹುದಾದ ಸೂಪರ್ ಡೆಲಿಗೇಟುಗಳು, ಅಂದರೆ ಸುಮಾರು 800 ಮಂದಿ ಪಕ್ಷದ ಹಿರಿಯರು ಮತ್ತು ಜನಪ್ರತಿನಿಧಿಗಳು. ಅವರು ಗಾಳಿ ಬೀಸಿದತ್ತ ವಾಲಿದರು. ಜೂನ್ 3ರಂದು ಕ್ಲಿಂಟನ್ ಸೌತ್ ಡಕೋಟವನ್ನು ಗೆದ್ದ ದಿನವೇ ಒಬಾಮ ಬಹುಮತಕ್ಕೆ ಬೇಕಾದ 2,118ನ್ನು ದಾಟಿದರು. ನಾಲ್ಕು ದಿನಗಳ ನಂತರ ಆಕೆ ಕಣದಿಂದ ಹಿಂದೆ ಸರಿದರು. ಆ ಕೊನೆಯ ಆಸರೆಯೂ ಈಗಿಲ್ಲ: ಪೈಪೋಟಿ ತೀರ್ಮಾನವಾಗದೆ ಸಮಾವೇಶ ಸೇರಿದರೆ ಮೊದಲ ಸುತ್ತಿನಲ್ಲಿ ಸೂಪರ್ ಡೆಲಿಗೇಟುಗಳು ಮತ ಹಾಕುವಂತಿಲ್ಲವೆಂದು ಪಕ್ಷವು 2018ರಲ್ಲಿ ನಿಯಮ ತಿದ್ದಿತು.