ಲಿಂಕಿನ ಬಾಲ ನೋಡಿ

ಇವತ್ತು ಒಂದು ಕ್ರಿಪ್ಟೊ ಎಕ್ಸ್‌ಚೇಂಜ್ (ಕ್ರಿಪ್ಟೊ ಕರೆನ್ಸಿ ಕೊಳ್ಳುವ, ಮಾರುವ ತಾಣ) ವಿಮರ್ಶೆ ಕಣ್ಣಿಗೆ ಬಿತ್ತು. ಐದಕ್ಕೆ 4.8 ಅಂಕ, ಕೆಳಗೇ ‘ಖಾತೆ ತೆರೆಯಿರಿ’ ಬಟನ್.

ಮೊಬೈಲ್‌ನಲ್ಲಿ ಆ ಬಟನ್ ಒತ್ತಿ ಹಿಡಿದರೆ ಸಾಮಾನ್ಯವಾಗಿ ಲಿಂಕಿನ ಪೂರ್ತಿ ವಿಳಾಸ ಕಾಣುತ್ತೆ. ಪ್ರಶ್ನೆ ಚಿಹ್ನೆ ಆದಮೇಲೆ ‘ರೆಫ್’ (ref) ಅಂತ ಕೋಡ್ ಇದೆಯಾ? ಸಾಮಾನ್ಯವಾಗಿ ಅದು ಅಫಿಲಿಯೇಟ್ ಲಿಂಕ್.

ಅದರಿಂದ ಸೇರಿದವರು ಟ್ರೇಡ್ ಮಾಡಿದಾಗಲೆಲ್ಲ ಕಟ್ಟುವ ಶುಲ್ಕದಲ್ಲಿ ವಿಮರ್ಶೆ ಹಾಕಿದವರಿಗೂ ಪಾಲು ಹೋಗಬಹುದು. ನಿಮಗೆ ಲಾಭವೋ ನಷ್ಟವೋ, ಪಾಲಂತೂ ನಿಲ್ಲಲ್ಲ.

ಕಮಿಷನ್ ತಗೊಳ್ಳೋದು ತಪ್ಪಲ್ಲ. ಅದನ್ನ ಬಟನ್‌ಗಿಂತ ಮೇಲೇ ಹೇಳಬೇಕು, ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಅಲ್ಲ. ಅಂಕ ಕೊಡುವವರಿಗೆ ಯಾವ ಎಕ್ಸ್‌ಚೇಂಜ್ ಎಷ್ಟು ಕಮಿಷನ್ ಕೊಡುತ್ತೆ ಅನ್ನೋ ಲೆಕ್ಕ ಗೊತ್ತೇ ಇರಬಾರದು.

ಹಣ ವಾಪಸ್ ತೆಗೆಯೋಕೆ ಎಷ್ಟು ಶುಲ್ಕ, ಎಷ್ಟು ಹೊತ್ತು, ಕ್ರಿಪ್ಟೊ ಮಾರಿದಾಗಿನ 1% ಟಿಡಿಎಸ್ (ಮೂಲದಲ್ಲೇ ಹಿಡಿಯೋ ತೆರಿಗೆ) ಹೇಗೆ ಕಡಿತ ಆಗುತ್ತೆ, ಇಷ್ಟೂ ಬರೆಯದ ವಿಮರ್ಶೆ ಆ 4.8 ಎಲ್ಲಿಂದ ತಂತು ಅಂತ ದಯವಿಟ್ಟು ಕೇಳಿ.